ಮಾವ ಸಾರಿದ ದಂಗುರ

ಸಾಕ್ಷಿಯ ಬಾಯಿಗೆ ಮಾತು ಹಾಕಬಾರದು. ವಕೀಲಿಕೆಯಲ್ಲಿ ನಾನು ಕಲಿತ ಮೊದಲ ಪಾಠ ಇದು. ಕಲಿಸಿದವರು ಬಳ್ಳಾರಿಯ ಗಾಂಧಿನಗರದ ನನ್ನ ಸೀನಿಯರ್. ‘ಅವರ ಕಿವಿ ಏನು ಕೇಳಿತೋ ಅಷ್ಟ ಬರಕೊ, ಕಣ್ಣು ಏನು ಕಂಡಿತೋ ಅಷ್ಟ ಬರಕೊ. ನಿನ್ನ ಸಿಟ್ಟು ನಿನ್ನ ಚೀಲದಾಗ ಇಟಗೊ’ ಎನ್ನುತ್ತಿದ್ದರು. ಈ ಪಾಠವನ್ನು ಆಮೇಲೆ ನಾನು ಯಾವ ಯಾವ ದೇಶದ ಹುಡುಗ ಹುಡುಗಿಯರಿಗೋ ಹೇಳಿಕೊಟ್ಟೆ. ಪ್ರತಿ ಸಲವೂ ‘ಇದು ನನ್ನ ಗುರುಗಳ ಮಾತು’ ಎಂದು ಎದೆಯುಬ್ಬಿಸಿ ಸೇರಿಸುತ್ತಿದ್ದೆ. ಈಗ ನೆನಪಾದರೆ ಹೊಟ್ಟೆಗೆ ಬೆಂಕಿ ಬೀಳುತ್ತದೆ. ಅದೇ ಪಾಠವನ್ನು ಮಸೆದು ಅವರು ನನ್ನ ಸೋದರಮಾವನ ಕುತ್ತಿಗೆಗೆ ಇಟ್ಟರು.

ಸಮಾಧಾನದಿಂದ ಬರೆ ಎಂದು ಗೆಳತಿಯರು ಹೇಳುತ್ತಾರೆ. ನನಗೆ ಸಮಾಧಾನವಿಲ್ಲ, ಇಲ್ಲದ್ದನ್ನು ಎಲ್ಲಿಂದ ತರಲಿ? ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅಪ್ಪ ಬಳ್ಳಾರಿಯ ಸರ್ಕಾರಿ ಕಚೇರಿಯೊಂದರಲ್ಲಿ ಜವಾನರಾಗಿದ್ದರು. ಅವ್ವನ ತವರು ಸಿರುಗುಪ್ಪಕ್ಕೂ ಕುರುಗೋಡಿಗೂ ನಡುವಿನ ಒಂದು ಊರು. ಕಾಲುವೆ, ಭತ್ತ, ರೈಸ್ ಮಿಲ್ಲು ಎಲ್ಲ ಇರುವ ಊರು, ಹೆಸರು ಬೇಡ. ನಮ್ಮವರು ತಲೆತಲಾಂತರದಿಂದ ಹಲಗೆ ಬಾರಿಸುವ ಮಂದಿ. ಅಪ್ಪ ಬುದ್ಧನ ಪಟ ತಂದು ಗೋಡೆಗೆ ಹಾಕಿದ ಮೇಲೆ ನಮ್ಮ ಮನೆಯಲ್ಲಿ ಹಲಗೆಯ ಮಾತು ನಿಂತಿತು. ಆದರೆ ಬಳ್ಳಾರಿಯ ವಕೀಲರಿಗೆ ಆ ಸದ್ದು ಕೇಳುತ್ತಲೇ ಇತ್ತು. ನಾನು ಕಾನೂನು ಓದಿ ಮುಗಿಸಿ ಜೂನಿಯರ್ ಆಗಿ ಸೇರಲು ಹೋದರೆ ನನ್ನ ಹೆಸರು ಕೇಳುವವರೆಗೆ ಜಾಗ ಇರುತ್ತಿತ್ತು, ಯಾವೂರು ಯಾವ ಕೇರಿ ಎಂದು ಕೇಳಿದ ಮೇಲೆ ಇರುತ್ತಿರಲಿಲ್ಲ.

‘ನಾಳೆಯಿಂದ ಬಾ’ ಎಂದವರು ಇವರೊಬ್ಬರೇ. ಮೇಲ್ಜಾತಿ, ದೊಡ್ಡ ಮನೆತನ. ಆದರೂ ಕೂಲಿಕಾರರ ಕೇಸು, ಗಣಿ ಧೂಳಿಗೆ ಬೆಳೆ ಹಾಳಾದವರ ಕೇಸು ಎಲ್ಲ ಇವರ ಮೇಜಿಗೇ ಬರುತ್ತಿದ್ದವು. ಒಮ್ಮೆ ನಮ್ಮ ಮನೆಗೂ ಬಂದರು. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಅವ್ವನ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡರು. ‘ಇನ್ನೊಂದು ರೊಟ್ಟಿ ಹಾಕವಾ’ ಎಂದು ಕೇಳಿ ಹಾಕಿಸಿಕೊಂಡರು. ಅವರು ಹೋದ ಮೇಲೆ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, ‘ಎಂಥಾ ಮನಿಶಾನ, ನಮ್ಮ ಗಂಗಾಳದಾಗ ಉಂಡನಲ್ಲ’ ಎಂದಳು. ಅವತ್ತಿನಿಂದ ಅವರಿಗೆ ನಮ್ಮ ಮನೆ ತಿಂಗಳಿಗೊಮ್ಮೆಯಾದರೂ ಊಟದ ಮನೆಯಾಯಿತು. ಉಂಡ ಮನೆಯ ಗಳ ಹಿರಿಯುವುದು ಎಂದು ಗಾದೆಯಿದೆ. ಅಂಥದ್ದು ಯಾರು ನೆನೆಯುತ್ತಾರೆ, ಎದುರಿಗೆ ಕೂತವರು ಬೆರಳು ಚೀಪಿ ಉಣ್ಣುವಾಗ?

ನನ್ನನ್ನು ಹೊರದೇಶಕ್ಕೆ ಓದಲು ಕಳಿಸಿದವರೂ ಅವರೇ. ಅರ್ಜಿ ತಿದ್ದಿದರು, ಬೇಕಾದವರಿಗೆಲ್ಲ ಹೇಳಿದರು, ಸ್ಟೇಷನ್ನಿಗೆ ಬಂದು ರೈಲು ಹತ್ತಿಸಿದರು. ಓದು ಮುಗಿದ ಮೇಲೆ ಜಿನೀವಾದ ಒಂದು ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಕೆಲಸ ಎಂದರೆ ಹೀಗೆ. ಯಾವುದೋ ದೇಶದಲ್ಲಿ ಯಾರದೋ ಗುಡಿಸಲು ಸುಟ್ಟಿರುತ್ತದೆ, ಯಾರದೋ ಮಗ ಠಾಣೆಗೆ ಹೋದವನು ತಿರುಗಿ ಬಂದಿರುವುದಿಲ್ಲ. ನಾನು ಅಲ್ಲಿಗೆ ಹೋಗಿ ಅವರ ಹೇಳಿಕೆ ಬರೆದುಕೊಳ್ಳಬೇಕು. ಆ ದೇಶದ ಕಾಯ್ದೆ ಏನು ಮಾಡಿತು, ಏನು ಮಾಡದೆ ಬಿಟ್ಟಿತು ನೋಡಬೇಕು. ಆಮೇಲೆ ಎಲ್ಲವನ್ನೂ ಹಿಂಡಿ ಎರಡು ನಿಮಿಷದ ಮಾತು ಮಾಡಿ, ದೇಶಗಳೆಲ್ಲ ಕೂತಿರುವ ಮಾನವ ಹಕ್ಕುಗಳ ಸಭೆಯಲ್ಲಿ ಓದಬೇಕು. ಹೊತ್ತು ಮೀರಿದರೆ ಮೈಕು ತಾನೇ ಬಂದ್ ಆಗುತ್ತದೆ.

ಅವ್ವನಿಗೆ ಇದು ದೊಡ್ಡ ತಮಾಷೆ. ಸೀನಿಯರ್ ಊಟಕ್ಕೆ ಬಂದಾಗಲೂ ಬಿಡುತ್ತಿರಲಿಲ್ಲ. ‘ಅಷ್ಟು ದೂರ ವಿಮಾನದಾಗ ಹೋಗಿ ಎರಡು ನಿಮಿಷ ಮಾತಾಡಿ ಬರ್ತಾಳಂತ್ರಿ. ನಮ್ಮ ಓಣಿ ನಳದ ಕಟ್ಟಿ ಮ್ಯಾಲೆ ನಿಂತಿದ್ರ ಅದಕ್ಕಿಂತ ಹೆಚ್ಚು ಮಾತು ಆಗ್ತಿತ್ತು’ ಎಂದು ನಗಿಸುತ್ತಿದ್ದಳು.

‘ಅದು ಇಡೀ ಜಗತ್ತಿನ ಪಂಚಾಯ್ತಿ ಕಟ್ಟಿ ಅವ್ವಾ’ ಎಂದು ನಾನು ಒಮ್ಮೆ ಹೇಳಿದೆ.

‘ಪಂಚಾಯ್ತಿ ಕಟ್ಟಿ ಅಂದ್ರ ಅಲ್ಲೂ ನಾವು ಕೆಳಗ ನಿಂದರೋರ ಹಂಗಾರ’ ಎಂದಳು.

ಸುಳ್ಳಲ್ಲ. ನಮ್ಮಂಥ ಸಂಸ್ಥೆಗಳವರ ಕುರ್ಚಿಗಳು ಆ ಸಭೆಯಲ್ಲಿ ಹಿಂದಿನ ಸಾಲಿನಲ್ಲೇ ಇರುತ್ತವೆ.

ಹೀಗೆ ಊರೂರಿನ ನೋವು ಹೊತ್ತು ತಿರುಗುವವಳಿಗೆ ಒಂದು ದಿನ ನಮ್ಮದೇ ಊರಿನ ಸುದ್ದಿ ಬಂತು. ಅವ್ವನ ತವರಿನಲ್ಲಿ ರೈಸ್ ಮಿಲ್ಲಿನ ಸಾಹುಕಾರರ ತಾಯಿ ತೀರಿಕೊಂಡಿದ್ದರು. ಸಾವಿನ ಮುಂದೆ ಹಲಗೆ ಬಾರಿಸಲು ನಮ್ಮ ಕೇರಿಗೆ ಹೇಳಿಕಳಿಸಿದರು. ಕೇರಿಯ ಹುಡುಗರು, ‘ಇನ್ನು ಮ್ಯಾಲೆ ಯಾರ ಸಾವಿಗೂ ನಾವು ಬಾರಸಾಕ ಬರಂಗಿಲ್ಲ’ ಎಂದು ಹೇಳಿಕಳಿಸಿದರು. ಮಾವನೂ ಹುಡುಗರ ಜೊತೆಗೇ ನಿಂತ. ಹೆಣ ಸದ್ದಿಲ್ಲದೆ ಹೋಯಿತು. ದಿನಕರ್ಮ ಮುಗಿದ ಮೇಲೆ ಊರ ಹಿರಿಯರು ಸಾಹುಕಾರರ ಜಗಲಿಯಲ್ಲಿ ಕೂಡಿದರು. ಊರ ಹಿರಿಯರ ಕೂಟಕ್ಕೆ ಅಲ್ಲಿ ದೈವ ಎನ್ನುತ್ತಾರೆ. ದೈವ ಕೂಡಿ ಮಾವನನ್ನು ಕರೆಸಿತು, ದಂಗುರ ಸಾರಲಿಕ್ಕೆ.

ಮಾವ ಸಾವಿನ ಹಲಗೆ ಬಿಟ್ಟಿದ್ದ, ದಂಗುರ ಬಿಟ್ಟಿರಲಿಲ್ಲ. ಕೈಗೊಂದು ಫೋನು ಬಂದ ಕಾಲದಲ್ಲೂ ಆ ಊರಿನಲ್ಲಿ ದಂಗುರವಿದೆ. ರೇಷನ್ ಬಂದಿದೆ, ಕಾಲುವೆಗೆ ನೀರು ಬಿಡುತ್ತಾರೆ, ಕೂಸುಗಳಿಗೆ ಪೋಲಿಯೊ ಹನಿ ಹಾಕಿಸಿ ಎಂದು ಮಾವ ಓಣಿ ಓಣಿ ಸಾರಿಕೊಂಡು ಬರುತ್ತಿದ್ದ. ‘ಇದು ಊರ ಕೆಲಸ ಯವ್ವಾ, ಇದಕ್ಕ ಯಾಕ ನಾಚಿಕಿ?’ ಎನ್ನುತ್ತಿದ್ದ. ದಂಗುರಕ್ಕೆ ಒಂದು ಕಟ್ಟಳೆಯಿದೆ. ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೇ ಸಾರಬೇಕು, ಒಂದು ಮಾತು ಕೂಡಿಸಬಾರದು, ಒಂದು ಮಾತು ಕಳೆಯಬಾರದು. ಹೇಳಿಕೊಟ್ಟವರ ಹೆಸರು ಎತ್ತುವಂತಿಲ್ಲ. ಕಡೆಗೆ ‘ದೈವದ ಅಪ್ಪಣೆ’ ಎಂದರೆ ಮುಗಿಯಿತು. ಅದಕ್ಕೇ ದಂಗುರದ ಮಾತಿಗಾಗಿ ಸಾರಿದವನನ್ನು ಯಾರೂ ಬೈಯುವುದಿಲ್ಲ. ಹಲಗೆ ಕೊರಳಿಗೆ ಬಿದ್ದ ಮೇಲೆ ಆ ಬಾಯಿ ಅವನದಲ್ಲ. ಈ ಸಲ ಕಾಲುವೆಗೆ ನೀರಿಲ್ಲ ಎಂದು ಸಾರಿದ ದಿನವೂ ಜನ ಮಾವನನ್ನು ಕರೆದು ಬೀಡಿ ಕೊಟ್ಟವರೇ.

ಅವತ್ತು ಅವನು ಸಾರಿದ್ದು ಇದು: ‘ಕೇಳ್ರಪೋ ಕೇಳ್ರಿ! ಹಲಗಿ ಕೇರಿ ಮಂದೀನ ಯಾರೂ ಮಾತಾಡಸಬಾರದು! ಕೂಲಿಗೆ ಕರೀಬಾರದು! ಅಂಗಡ್ಯಾಗ ಸಾಮಾನು ಕೊಡಬಾರದು! ಕೊಟ್ಟವರಿಗೆ ದಂಡ! ದೈವದ ಅಪ್ಪಣೆ!’

ತನ್ನ ಕೇರಿಯ ಮೇಲೆ, ತನ್ನ ಹೆಂಡತಿ ಮಕ್ಕಳ ಮೇಲೆ, ತನ್ನ ಮೇಲೆ ತಾನೇ ಸಾರಿಕೊಂಡು ಬಂದ. ಸಾರಿ ಮುಗಿಸಿ ಗಂಟಲೊಣಗಿ ಅಂಗಡಿಗೆ ಹೋಗಿ ಬೀಡಿ ಕೇಳಿದ. ಅಂಗಡಿಯವನು, ‘ನೀನ ಈಗ ಸಾರಿದೆಲ್ಲಪಾ’ ಎಂದು ಕೈ ಹಿಂದಕ್ಕೆ ಎಳೆದುಕೊಂಡನಂತೆ. ಮಾವ ಇದನ್ನು ನನಗೆ ಫೋನಿನಲ್ಲಿ ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ.

ಮುಂದಿನ ದಿನಗಳಲ್ಲಿ ನಗುವಂಥದ್ದು ಏನೂ ಉಳಿಯಲಿಲ್ಲ. ನಾಟಿಗೆ ಹೊಳೆಯಾಚೆಯಿಂದ ತೆಲುಗು ಆಳುಗಳನ್ನು ಕರೆಸಿದರು. ನಮ್ಮ ಹೆಂಗಸರು ತಾವು ವರ್ಷ ವರ್ಷ ಸಸಿ ಹಚ್ಚಿದ ಗದ್ದೆಯನ್ನು ಬದುವಿನಾಚೆ ನಿಂತು ನೋಡಿದರು. ಆಟೊದವರು ನಿಲ್ಲಿಸಲಿಲ್ಲ. ಉಪ್ಪು ಎಣ್ಣೆಗೂ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋಗಬೇಕಾಯಿತು.

ಇಂಥ ಬಹಿಷ್ಕಾರಕ್ಕೆ ನಮ್ಮಲ್ಲಿ ಗಟ್ಟಿ ಕಾಯ್ದೆಯಿದೆ. ಪರಿಶಿಷ್ಟ ಜಾತಿಯವರ ಮೇಲೆ ಬೇರೆಯವರು ದೌರ್ಜನ್ಯ ಮಾಡಿದರೆ ಜೈಲು, ರಾಜಿಗೂ ಅವಕಾಶವಿಲ್ಲ. ಆದರೆ ಅಪ್ಪಣೆ ಕೊಟ್ಟವರು ಯಾರು ಎಂದು ಸಾಬೀತಾಗಬೇಕಲ್ಲ? ಜಗಲಿಯ ಮೇಲೆ ಯಾರ್ಯಾರು ಕೂತಿದ್ದರು, ಯಾವ ಬಾಯಿ ಆ ಮಾತು ಹೇಳಿಕೊಟ್ಟಿತು ಎಂಬುದನ್ನು ನಮ್ಮವರಲ್ಲಿ ಕಣ್ಣಾರೆ ಕಂಡು ಕಿವಿಯಾರೆ ಕೇಳಿದವನು ಒಬ್ಬನೇ, ನನ್ನ ಮಾವ. ಅವನ ಸಾಕ್ಷಿ ನಿಂತರೆ ಕೇಸು ನಿಲ್ಲುತ್ತದೆ. ಅವನ ಬಾಯಿ ಕಟ್ಟಿದರೆ ಕೇಸೂ ಇಲ್ಲ, ಕೇರಿಗೆ ನ್ಯಾಯವೂ ಇಲ್ಲ.

ರಜೆ ಹಾಕಿ ಓಡಿ ಬಂದೆ. ನೇರ ಗಾಂಧಿನಗರಕ್ಕೆ ಹೋದೆ. ಸೀನಿಯರ್ ನನ್ನ ಮಾತು ಮುಗಿಯುವ ಮೊದಲೇ ಎದ್ದು ಕಾರಿನ ಕೀಲಿ ತೆಗೆದುಕೊಂಡರು. ‘ನಿಮ್ಮ ಮಾವ ಅಂದ್ರ ನನಗೇನು ಬ್ಯಾರೆಯವನೇನು? ನಡಿ’ ಎಂದರು. ಮಾವನ ಮನೆಯ ಮುಂದೆ ಹೊರಸಿನ ಮೇಲೆ ಕೂತು ಎಲ್ಲವನ್ನೂ ಅವನ ಬಾಯಿಂದಲೇ ಕೇಳಿದರು. ಸಾಹುಕಾರರು ಏನೆಂದರು, ಯಾರು ತಲೆಯಾಡಿಸಿದರು, ಎಲ್ಲ. ಕಡೆಗೆ ಮಾವನ ಹೆಗಲ ಮೇಲೆ ಕೈಯಿಟ್ಟು, ‘ಈ ಕೇಸಿನ ಜೀವ ನೀನ ಅದಿ ನೋಡಪಾ. ನೀ ಗಟ್ಟಿ ಇರಬೇಕು’ ಎಂದರು.

‘ಜೀವ ಹೋದ್ರೂ ಹೇಳ್ತೀನ್ರೀ ಸಾಹೇಬ್ರ’ ಎಂದ ಮಾವ.

ದೂರು ದಾಖಲಾಯಿತು. ಹೇಳಿಕೆಗಳನ್ನು ಅವರು ನೋಡಿಕೊಳ್ಳುವುದು, ನಾನು ಹೊರಗಿನ ಸಭೆಯಲ್ಲಿ ವಿಷಯ ಎತ್ತುವುದು ಎಂದು ಹಂಚಿಕೊಂಡೆವು. ನಾನು ಹಿಂದಿರುಗಿದೆ. ಆಗಾಗ ಫೋನು ಮಾಡುತ್ತಿದ್ದೆ. ‘ಎಲ್ಲಾರ ಹೇಳಿಕಿನೂ ಚೊಲೊ ಆಗ್ಯಾವ. ಒಬ್ಬರ ಬಾಯಾಗೂ ನಾ ಮಾತು ಹಾಕಿಲ್ಲ. ನೀ ಅಲ್ಲಿ ಧೈರ್ಯದಿಂದ ಮಾತಾಡು’ ಎನ್ನುತ್ತಿದ್ದರು. ನಾನು ಧೈರ್ಯ ತಂದುಕೊಂಡೆ.

ನನ್ನ ಸರದಿ ಬಂತು. ಎಷ್ಟೋ ಊರುಗಳ ಮಾತನ್ನು ಓದಿದವಳು ನಾನು, ಅವತ್ತಿನದು ನಮ್ಮದೇ ಊರಿನ ಮಾತು. ಕಾಲುವೆ ದಂಡೆಯ ಒಂದು ಊರು ಎಂದು ಶುರುಮಾಡಿ, ಅಪ್ಪಣೆ ಕೊಟ್ಟವರನ್ನು ಕಂಡ ಸಾಕ್ಷಿ ಇದ್ದಾನೆ ಎಂದು ಮುಗಿಸಿದೆ. ಮೈಕು ಬಂದ್ ಆಗುವ ಮೊದಲೇ ಮುಗಿಸಿದೆ. ಸ್ವಲ್ಪ ಹೊತ್ತಿನ ಮೇಲೆ ನಮ್ಮ ದೇಶದ ಪ್ರತಿನಿಧಿ ಉತ್ತರ ಓದಿದರು. ತನಿಖೆ ಮುಗಿದಿದೆ, ದಂಗುರ ಸಾರಿದ ವ್ಯಕ್ತಿ ಅದೇ ಕೇರಿಯವನು, ಅದೇ ಜಾತಿಯವನು, ಕೇರಿಯ ಸಾಕ್ಷಿಗಳೆಲ್ಲ ಒಕ್ಕೊರಲಿನಿಂದ ಅವನನ್ನೇ ಗುರುತಿಸಿದ್ದಾರೆ, ಆದ್ದರಿಂದ ಇದು ಆ ಸಮುದಾಯದ ಒಳಜಗಳ, ಜಾತಿ ದೌರ್ಜನ್ಯವಲ್ಲ ಎಂದು.

ನಾನು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ. ಆ ಪ್ರತಿನಿಧಿಯ ಮೇಲೆ ನನಗೆ ಸಿಟ್ಟಿಲ್ಲ. ಕೈಗೆ ಬಂದದ್ದನ್ನು ಬಂದ ಹಾಗೆ ಓದಿದರು, ಅವರೂ ಒಂದು ಬಗೆಯ ದಂಗುರದವರೇ. ಪಕ್ಕದಲ್ಲಿ ಕೂತಿದ್ದ ಬೇರೆ ದೇಶದ ಹೆಂಗಸು ನನ್ನ ಕಡೆ ತಿರುಗಲಿಲ್ಲ. ಪಾಪ, ಅವಳ ಎರಡು ನಿಮಿಷವೂ ಹತ್ತಿರ ಬಂದಿತ್ತು. ಹೊರಗೆ ಬಂದು ಸೀನಿಯರ್‌ಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ.

ಸಿಕ್ಕ ವಿಮಾನ ಹಿಡಿದು ಊರಿಗೆ ಬಂದೆ. ಮಾವನ ಮನೆಯಲ್ಲಿ ಅತ್ತೆ, ಅಂದರೆ ಮಾವನ ಹೆಂಡತಿ, ಒಲೆಯ ಮುಂದೆ ಇದ್ದಳು. ಏನಾಯಿತು ಎಂದು ಕೇಳಿದೆ. ಅವಳು ಕೈ ಒರೆಸಿಕೊಂಡು, ಏನೂ ಮುಚ್ಚುಮರೆಯಿಲ್ಲದೆ ಹೇಳಿದಳು.

‘ಠಾಣ್ಯಾಗ ಒಬ್ಬೊಬ್ಬರನ್ನ ಕರದ್ರವ್ವಾ. ನಿಮ್ಮ ವಕೀಲ್ರು ಬಾಜೂಕ ಕುಂತಿದ್ರು. “ದಂಗುರದಾಗ ಯಾರ ದನಿ ಕೇಳಿದಿ?” ಅಂದ್ರು ಪೊಲೀಸ್ರು. “ನಮ್ಮ ಮನಿಯವರದು” ಅಂದೆ. “ದೈವದವರು ಹೇಳಿಕೊಟ್ಟಿದ್ದು ನೀ ಕಿವಿಯಾರ ಕೇಳಿದಿಯೇನು?” ಅಂದ್ರು. “ನಮ್ಮನ್ನ ಜಗಲಿತಂಕ ಯಾರು ಬಿಡ್ತಾರ್ರಿ?” ಅಂದೆ. “ಹಂಗಾರ ಕೇಳಿದ್ದಷ್ಟ ಹೇಳವಾ, ಕೇಳಲಾರದ್ದು ಹೇಳಬ್ಯಾಡ” ಅಂದ್ರು ನಿಮ್ಮ ವಕೀಲ್ರು. ದೇವರಾಣಿ ಖರೆ ಹೇಳೀನಿ. ಒಂದು ಸುಳ್ಳು ಹೇಳಿಲ್ಲ.’

ಕೇರಿಯಲ್ಲಿ ಯಾರನ್ನು ಕೇಳಿದರೂ ಇದೇ ಮಾತು, ಅದೂ ಹೆಮ್ಮೆಯಿಂದ. ಠಾಣೆಯ ಮುಂದೆ ಹೆದರದೆ ಖರೆ ಹೇಳಿದ್ದೇವೆ ಎಂಬ ಹೆಮ್ಮೆ. ಅವರ ಲೆಕ್ಕದಲ್ಲಿ ಅವರು ಮಾವನ ಮೇಲೆ ಏನೂ ಹೊರಿಸಿರಲಿಲ್ಲ. ಸಾರಿದವನು ಇವನು ಎಂದರೆ ಮಾಡಿದವನು ಇವನು ಎಂದಾಗುತ್ತದೆಂದು ಆ ಊರಿನ ಕೂಸಿಗೂ ಹೊಳೆಯುವುದಿಲ್ಲ. ದಂಗುರದ ಬಾಯಿ ಸಾರಿದವನದಲ್ಲ ಎಂಬುದು ಅವರಿಗೆ ಬಿಡಿಸಿ ಹೇಳಬೇಕಾದ ಸಂಗತಿಯೇ ಅಲ್ಲ. ಆದರೆ ಕಾನೂನಿನ ಪುಸ್ತಕದಲ್ಲಿ ದನಿ ಯಾರದೋ, ಮಾತೂ ಅವರದೇ. ಇವೆರಡನ್ನೂ ಬಲ್ಲವರು ಆ ಕೋಣೆಯಲ್ಲಿ ಒಬ್ಬರೇ ಇದ್ದರು. ಅವರು ಪಕ್ಕದಲ್ಲಿ ಕೂತು, ಕೇಳಿದ್ದಷ್ಟೇ ಹೇಳವಾ ಎಂದರು.

ಹಾಗೆ ನನ್ನ ಮಾವ ಒಂದನೇ ಆರೋಪಿಯಾದ. ಅವನೊಬ್ಬನೇ ಆರೋಪಿ. ಅವನೂ ನಮ್ಮ ಜಾತಿಯವನೇ ಆದ್ದರಿಂದ ಆ ಗಟ್ಟಿ ಕಾಯ್ದೆ ತಾನಾಗಿ ಬಿದ್ದುಹೋಯಿತು. ಉಳಿದ ಕಲಮುಗಳೆಲ್ಲ ರಾಜಿಗೆ ಬರುವಂಥವು. ಆರೋಪಿಯಾದವನನ್ನು ಸಾಕ್ಷಿಯೆಂದು ಯಾರು ಕರೆಯುತ್ತಾರೆ? ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ಕೇಸಿನ ಜೀವವನ್ನು ಮಾತ್ರ ಒಂದೇ ಒಂದು ಸುಳ್ಳಿಲ್ಲದೆ ತೆಗೆದರು.

ಮಾವ ಗೋಡೆಗೆ ಒರಗಿ ಕೂತಿದ್ದ. ‘ಎಲ್ಲಾರ್ನೂ ಕರದ್ರು, ನನ್ನ ಯಾವಾಗ ಕರೀತಾರ ಅಂತ ಕುಂತ ಇದ್ದೆ ಯವ್ವಾ’ ಎಂದ. ನನಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು.

‘ಮರುತನಿಖೆ ಕೇಳೋಣ ಮಾವಾ. ಜಗಲಿ ಮ್ಯಾಲೆ ಕಂಡಿದ್ದು ಕೇಳಿದ್ದು ಎಲ್ಲಾ ಪ್ರಮಾಣ ಮಾಡಿ ಬರದು ಕೊಡು. ನಾ ಹೈಕೋರ್ಟಿಗೆ ಒಯ್ತೀನಿ. ಕೊಡ್ತಿಯಿಲ್ಲೋ?’

ಮಾವ ಹೆಂಡತಿಯ ಮುಖ ನೋಡಿದ. ‘ಕೊಡ್ತೀನಿ ತಗೊ. ನಿನಗ ಇಲ್ಲಾ ಅಂತೀನೇನು?’ ಎಂದ.

ಆ ಮಾತು ಕಟ್ಟಿಕೊಂಡು ಗಾಂಧಿನಗರಕ್ಕೆ ಬಂದೆ. ಸೀನಿಯರ್ ಒಳಗೆ ಯಾರ ಜೊತೆಗೋ ಮಾತನಾಡುತ್ತಿದ್ದರು. ಅವರ ಹೆಂಡತಿ ನನ್ನನ್ನು ಕಂಡು ಸಡಗರದಿಂದ ಬಂದು ಕೈಗೆ ಒಂದು ಬೂಂದಿ ಉಂಡಿ ಇಟ್ಟರು. ಒಳ್ಳೆಯ ಹೆಂಗಸು, ಒಳಗಿನದು ಏನೂ ಗೊತ್ತಿಲ್ಲ. ‘ಬಾಯಿ ಸಿಹಿ ಮಾಡ್ಕೊಮ್ಮಾ. ನಮ್ಮ ಹುಡುಗಿ ಲಗ್ನ ಗೊತ್ತಾತು. ಭಾರಿ ಚೊಲೊ ಮನಿ, ರೈಸ್ ಮಿಲ್ಲು ಐತಿ’ ಎಂದು ಊರಿನ ಹೆಸರು ಹೇಳಿದರು. ಅವ್ವನ ತವರು. ಆ ಊರಿನಲ್ಲಿ ಇರುವುದು ಒಂದೇ ರೈಸ್ ಮಿಲ್ಲು.

ಉಂಡಿ ಕೈಯಲ್ಲೇ ಇತ್ತು. ಸೀನಿಯರ್ ಹೊರಗೆ ಬಂದರು. ನನ್ನನ್ನು ನೋಡಿದರು, ಕೈಯಲ್ಲಿನ ಉಂಡಿ ನೋಡಿದರು, ಹೆಂಡತಿಯನ್ನು ಒಳಗೆ ಕಳಿಸಿದರು.

‘ಬೀಗತನ ಗೊತ್ತಾದ ಮ್ಯಾಲೆ ಕೇಸು ಕೆಡಿಸಿದ್ರೋ, ಕೇಸು ಕೆಡಿಸಿದ ಮ್ಯಾಲೆ ಬೀಗತನ ಗೊತ್ತಾತೋ? ಅಷ್ಟ ಹೇಳ್ರಿ ಸರ್’ ಎಂದೆ.

‘ಕೂಡು. ಸಿಟ್ಟಿನಾಗ ಕಾನೂನು ಕಾಣಂಗಿಲ್ಲ.’

‘ಕೂಡಾಕ ಬಂದಿಲ್ಲ ನಾನು.’

‘ಯಾರ ಬಾಯಾಗಾದ್ರೂ ನಾ ಒಂದು ಮಾತು ಹಾಕೀನೇನು? ಒಬ್ಬರನ್ನ ತೋರಸು.’

‘ಇಲ್ಲ. ಅದಕ್ಕ ನನಗ ಉರಿಯೋದು. ಸುಳ್ಳು ಹೇಳಿಸಿದ್ರ ಹಿಡೀತಿದ್ದೆ. ಖರೇನ ಹೇಳಿಸಿ ಕುತ್ತಿಗಿ ಕೊಯ್ದ್ರಿ. ಹೆಂಡತಿ ಬಾಯಿಂದ ಗಂಡನ್ನ ಹಿಡಿಸಿದ್ರಿ. ಬ್ಯಾರೆಯವನಲ್ಲ ಅಂದ್ರೆಲ್ಲ, ಹೆಗಲ ಮ್ಯಾಲೆ ಕೈ ಇಟ್ಟು?’

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕೋರ್ಟಿನಲ್ಲಿ ಎದುರಿನ ವಕೀಲ ಬಿಸಿಯಾದಾಗ ಮಾಡುತ್ತಿದ್ದ ಹಾಗೇ. ‘ಆ ಮಂದಿ ನಾಳೆ ಅದ ಊರಾಗ ಬಾಳೇ ಮಾಡಬೇಕಮ್ಮಾ. ಜೈಲು ಗೀಲು ಆದ ಮ್ಯಾಲೆ ಅವರಿಗೆ ಕೂಲಿ ಯಾರು ಕೊಡ್ತಾರ? ನೀನೇನು, ವಿಮಾನದಾಗ ಹೋಗಿ ಎರಡು ನಿಮಿಷ ಮಾತಾಡಿ ಬರ್ತಿ.’

ಅದು ನನ್ನ ಅವ್ವನ ಮಾತು. ನಮ್ಮ ಮನೆಯ ನೆಲದ ಮೇಲೆ ಕೂತು, ನಮ್ಮ ರೊಟ್ಟಿ ಮುರಿಯುತ್ತ, ನಕ್ಕು ಕೇಳಿಸಿಕೊಂಡ ಮಾತು. ಅದನ್ನೂ ಎತ್ತಿಟ್ಟುಕೊಂಡಿದ್ದರು, ಬೇಕಾದಾಗ ನನ್ನ ಮುಖಕ್ಕೆ ಎಸೆಯಲು. ಥೂ! ಕೇಸು ಕೆಡಿಸಿದ್ದಕ್ಕಿಂತ ಇದು ಹೆಚ್ಚು ಉರಿಯಿತು. ಇಷ್ಟು ವರ್ಷ ನಾನು ಗುರು ಗುರು ಎಂದು ದೇಶ ದೇಶದಲ್ಲಿ ಸಾರಿಕೊಂಡು ಬಂದದ್ದು ಈ ಮನುಷ್ಯನನ್ನು. ಮೊದಲೇ ಗೊತ್ತಾಗಬೇಕಿತ್ತು ಎಂದು ಎದೆ ಬಡಿದುಕೊಳ್ಳುವವಳಲ್ಲ ನಾನು. ತಪ್ಪು ಮೋಸ ಮಾಡಿದವರದು, ನಂಬಿದವಳದಲ್ಲ.

‘ಮಾವ ಪ್ರಮಾಣ ಮಾಡಿ ಬರದು ಕೊಡ್ತಾನ. ಹೈಕೋರ್ಟಿನಾಗ ನೋಡ್ಕೊಳ್ಳೋಣ್ರಿ’ ಎಂದೆ.

‘ಕೊಡಂಗಿಲ್ಲ. ನಿಮ್ಮ ಮಾವ ರಾಜಿಗೆ ಒಪ್ಪ್ಯಾನ. ಹೋಗಿ ಕೇಳು’ ಎಂದರು.

ಉಂಡಿಯನ್ನು ಅವರ ಮೇಜಿನ ಮೇಲಿಟ್ಟು ಮೆಟ್ಟಿಲಿಳಿದೆ. ಬಾಯಿಬಡುಕನ ಬೆದರಿಕೆ ಎಂದುಕೊಂಡೆ. ಮಾವ ನನಗೆ ಮಾತು ಕೊಟ್ಟಿದ್ದ.

ಮರುದಿನ ಕುರುಗೋಡಿನ ಮೇಲೆ ಹೋಗುವ ಬಸ್ಸು ಹತ್ತಿದೆ. ಊರ ಕ್ರಾಸಿನಲ್ಲಿ ಇಳಿದು ಕಾಲುವೆ ದಂಡೆ ಹಿಡಿದು ನಡೆದೆ. ಬಳ್ಳಾರಿ ಸೀಮೆಯ ಬಿಸಿಲು, ಹೇಳುವುದೇ ಬೇಡ, ಕೇರಿ ಮುಟ್ಟುವಷ್ಟರಲ್ಲಿ ನಾಲಿಗೆ ಅಂಟಿಕೊಂಡಿತ್ತು. ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಬಾ ಎನ್ನಲಿಲ್ಲ. ಹೊಸ್ತಿಲ ಆಚೀಚೆ ಇಬ್ಬರೂ ನಿಂತೆವು.

‘ಅತ್ತೀ, ಒಂದು ತಂಬಿಗಿ ನೀರು ಕೊಡು. ಮಾವ ಎಲ್ಲಿ?’

ಅವಳು ನನ್ನ ಮುಖ ನೋಡಲಿಲ್ಲ. ‘ಸ್ವಲ್ಪ ತಡಿಯವ್ವಾ’ ಎಂದಳು. ಅಷ್ಟರಲ್ಲಿ ಹಲಗೆಯ ಸದ್ದು ಕೇಳಿತು.

ಮಾವ ಊರೊಳಗಿನಿಂದ ಕೇರಿಯ ಬಾಯಿಗೆ ಬಂದು ನಿಂತ. ಕೊರಳಲ್ಲಿ ಹಲಗೆ, ತಲೆಗೆ ಹೊಸ ರುಮಾಲು. ಮನೆಮನೆಯಿಂದ ಜನ ಹೊರಗೆ ಬಂದರು. ಮಾವ ಹಲಗೆ ಬಡಿದು ಬಾಯೆತ್ತಿದ.

‘ಕೇಳ್ರಪೋ ಕೇಳ್ರಿ! ಹಲಗಿ ಕೇರಿ ಮ್ಯಾಲಿನ ಕಟ್ಟು ಬಿಟ್ಟೈತಿ! ಇನ್ನ ಮ್ಯಾಲೆ ಕೂಲಿಗೆ ಕರೀಬಹುದು! ಅಂಗಡ್ಯಾಗ ಸಾಮಾನು ಕೊಡಬಹುದು! ಕೇರಿಯವರು ಮೊದಲಿನಂಗ ನಡಕೋಬೇಕು! ಸಾವಿಗೆ ಹಲಗಿಗೆ ಬರಬೇಕು! ದೈವದ ಅಪ್ಪಣೆ!’

ಹೆಂಗಸರು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಕೂಲಿ ಬಂತಲ್ಲ ಎಂಬ ಅಳು. ಹುಡುಗರು ನೆಲ ನೋಡುತ್ತ ನಿಂತರು. ಇಷ್ಟಕ್ಕೇ ಮುಗಿಯಿತೆಂದು ನಾನು ಮಾವನ ಕಡೆ ಹೆಜ್ಜೆಯಿಟ್ಟೆ. ಅವನು ನನ್ನನ್ನು ಕಂಡ. ಕಂಡು ಮತ್ತೆ ಹಲಗೆ ಬಡಿದ.

‘ಕೇಳ್ರಪೋ ಕೇಳ್ರಿ! ಊರ ಮಾತು ಹೊರಗ ಒಯ್ದ ಬಳ್ಳಾರಿ ವಕೀಲಮ್ಮನ್ನ ಯಾರೂ ಮನಿಯಾಗ ಕರಕೋಬಾರದು! ಮಾತಾಡಸಬಾರದು! ನೀರು ಕೊಡಬಾರದು! ಕೊಟ್ಟವರ ಮನಿ ಮ್ಯಾಲೆ ಮತ್ತ ಕಟ್ಟು! ದೈವದ ಅಪ್ಪಣೆ!’

ಒಂದು ಮಾತು ಕೂಡಿಸಲಿಲ್ಲ, ಒಂದು ಮಾತು ಕಳೆಯಲಿಲ್ಲ. ದನಿ ನಡುಗಲಿಲ್ಲ. ನಡುಗಿದ್ದರೆ ಅಷ್ಟನ್ನಾದರೂ ನಾನು ಮನೆಗೆ ಒಯ್ಯುತ್ತಿದ್ದೆ. ನನ್ನನ್ನೇ ನೋಡುತ್ತ ಸಾರಿದ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಲುವೆ ತೋರಿಸಿದ ಮಾವ. ಅತ್ತೆ ಸದ್ದಾಗದಂತೆ ಬಾಗಿಲು ಹಾಕಿಕೊಂಡಳು.

ಕೇರಿಯ ನಡುವೆ ಒಬ್ಬಳೇ ನಿಂತಿದ್ದೆ. ಇದೂ ಬಹಿಷ್ಕಾರವೇ. ಠಾಣೆಗೆ ಹೋಗಬಹುದು, ದೂರು ಕೊಡಬಹುದು. ಅಲ್ಲಿ ಕೇಳುವುದು ಒಂದೇ ಪ್ರಶ್ನೆ. ಯಾರ ದನಿ ಕೇಳಿದಿರಿ? ಕಿವಿ ಕೇಳಿದ್ದಷ್ಟೇ ಹೇಳಬೇಕು. ದಂಗುರದ ಬಾಯಿ ಸಾರಿದವನದಲ್ಲ ಎಂದು ಯಾರ ಮುಂದೆ ಬೇಕಾದರೂ ವಾದಿಸಲು ಬಂದವಳು ನಾನು. ಈಗ ಅದನ್ನು ನನ್ನ ಮುಂದೆಯೇ ವಾದಿಸಿಕೊಂಡೆ. ಅದು ದೈವದ ಮಾತು, ಹೇಳಿಕೊಟ್ಟ ಮಾತು, ಮಾವನ ಮಾತಲ್ಲ. ನನ್ನ ಕಿವಿ ಒಪ್ಪಲಿಲ್ಲ. ಅದು ನನ್ನ ಮಾವನ ದನಿಯೇ ಆಗಿತ್ತು. ನಿನಗ ಇಲ್ಲಾ ಅಂತೀನೇನು ಎಂದ ಅದೇ ದನಿ.

ಕಾಲುವೆ ದಂಡೆ ಹಿಡಿದು ತಿರುಗಿ ನಡೆದೆ. ದಾರಿಯುದ್ದಕ್ಕೂ ಸೀನಿಯರನ್ನು ಬೈದೆ, ಸಾಹುಕಾರನನ್ನು ಬೈದೆ, ಮಾವನನ್ನೂ ಬೈದೆ. ಪಕ್ಕದಲ್ಲಿ ಕಾಲುವೆಯ ತುಂಬ ನೀರು ಹರಿಯುತ್ತಿತ್ತು. ಬಾಯಾರಿದ್ದರೂ ಆ ಊರ ನೀರು ಮುಟ್ಟಲಿಲ್ಲ.

ಬಳ್ಳಾರಿ ಮುಟ್ಟಿದಾಗ ಸಂಜೆ. ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ನನ್ನ ಮುಖ ನೋಡಿ ಏನೂ ಕೇಳದೆ ಒಳಗೆ ಹೋಗಿ ತಂಬಿಗೆ ತುಂಬ ನೀರು ತಂದಳು. ನಿಂತಲ್ಲೇ ಎತ್ತಿ ಕುಡಿದೆ. ಕುಡಿದು ಮುಗಿಸುವವರೆಗೆ ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು. ತಮ್ಮನ ಮೇಲೆ ಅವಳಿಗೆ ಬಲು ಜೀವ.

‘ಏನಂದ ನಿಮ್ಮ ಮಾವ? ಬರದು ಕೊಟ್ಟನೇನು?’

‘ಮಾವ ಏನೂ ಅನ್ನಲಿಲ್ಲವ್ವಾ’ ಎಂದೆ. ‘ದಂಗುರ ಸಾರಿದ, ಅಷ್ಟ.’